ಹಾಲೇಶ್ ಮೇಷ್ಟ್ರ ದಮ್ಮು

"ಮನೆಯಲ್ಲಿ ಸಿಗರೇಟು ಸೇದೋದುಂಟಾ?" ಎಂದು ಡಾಕ್ಟರ್ ಕೇಳಿದಾಗ ಹಾಲೇಶ್ ಮೇಷ್ಟ್ರು ಬಾಯಲ್ಲಿದ್ದ ಏಲಕ್ಕಿಯನ್ನು ಸಿಪ್ಪೆಸಮೇತ ನುಂಗಿದರು.

"ಛೆ ಛೆ! ಸಿಗರೇಟಾ? ನಮ್ಮನೇಲಾ?"

ಮಧುಗಿರಿಯಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದು, ಬೀಡಿ ಕಚ್ಚಿದ ಹುಡುಗರನ್ನೆಲ್ಲ ಮೈದಾನದ ಸುತ್ತ ಓಡಿಸಿ ಹೆಸರು ಮಾಡಿದವರು ಅವರು. ಅವರ ತುಟಿಯಲ್ಲಿ ಸೀಟಿಯಲ್ಲದೆ ಬೇರೇನನ್ನೂ ಊರು ಕಂಡಿರಲಿಲ್ಲ.

ಸಿರಾದ ಈ ಆಸ್ಪತ್ರೆಗೆ ಹೃದಯ ತಪಾಸಣೆಗೆಂದು ಅವರನ್ನು ಎಳೆತಂದವಳು ಮಗಳು ಭವ್ಯ. ಅಪ್ಪನೊಬ್ಬನನ್ನೇ ಕರೆತಂದರೆ ಬಸ್‌ಸ್ಟ್ಯಾಂಡಿನಿಂದಲೇ ಪರಾರಿ ಎಂದು ತಾಯಿ ಕರಿಬಸಮ್ಮನನ್ನೂ ಹೊರಡಿಸಿದ್ದಳು. ಇಬ್ಬರನ್ನೂ ಟ್ರೆಡ್‌ಮಿಲ್ ಹತ್ತಿಸಿದ್ದಾಯಿತು. ಮೇಷ್ಟ್ರು ಮಾನ ಉಳಿಸಿಕೊಳ್ಳಲು ಹಲ್ಲು ಕಚ್ಚಿ ಪೂರ್ತಿ ನಡೆದರು. ಕರಿಬಸಮ್ಮ ಅರ್ಧಕ್ಕೇ ಇಳಿದು, "ಈ ಸೀರೆ ಉಟ್ಕಂಡು ಯಾರು ಓಡ್ತಾರೆ? ನಾನೇನು ಜಟಕಾ ಕುದುರೇನಾ?" ಎಂದು ಬೈದು ಹೊರಗೆ ಬೆಂಚಿನ ಮೇಲೆ ಕೂತರು. ಆಮೇಲೆ ಡಾಕ್ಟರ್ ಮೇಷ್ಟ್ರೊಬ್ಬರನ್ನೇ ಒಳಗೆ ಕರೆಸಿದ್ದರು.

"ಟೆಸ್ಟು ಚೆನ್ನಾಗಿ ಬಂದಿಲ್ಲ ಮೇಷ್ಟ್ರೇ," ಎಂದರು ಡಾಕ್ಟರ್, ಕಾಗದದಿಂದ ಕಣ್ಣೆತ್ತದೆ. "ಹೃದಯಕ್ಕೆ ರಕ್ತ ಸಾಲ್ತಿಲ್ಲ. ಶುಗರ್ ಇಲ್ಲ, ಬಿ.ಪಿ. ಇಲ್ಲ. ನನಗೆ ಹೊಗೆಯ ಮೇಲೇ ಅನುಮಾನ. ಅದು ರಕ್ತನಾಳದ ಒಳಗೋಡೆ ಕೆಡಿಸುತ್ತೆ, ಕೊಬ್ಬು ಕಟ್ಟಿಸುತ್ತೆ, ದಾರಿ ಕಿರಿದಾಗುತ್ತೆ. ನಿಜ ಹೇಳಿ."

ಮೇಷ್ಟ್ರ ಎಡಗೈ ತಟ್ಟನೆ ಜೋಮು ಹಿಡಿಯಿತು. ಎದೆಯ ಮೇಲೆ ಯಾರೋ ಒರಳುಕಲ್ಲು ತಂದಿಟ್ಟಂತಾಯಿತು. ಅದುವರೆಗೆ ಇಲ್ಲದ ಕೆಮ್ಮೂ ಬಂತು. ಶ್ರದ್ಧಾಂಜಲಿ ಬ್ಯಾನರಿಗೆ ಊರಿನವರು ತಮ್ಮ ಯಾವ ಫೋಟೋ ಹಾಕಿಸುತ್ತಾರೋ, ಆ ಬೋಳುತಲೆಯದನ್ನೇ ಹಾಕಿಸಿಬಿಟ್ಟರೆ ಎಂಬ ಚಿಂತೆ ಬೇರೆ.

"ಸುಳ್ಳು ಹೇಳ್ಬುಟ್ಟೆ ಸಾರ್. ಇಪ್ಪತ್ತೆಂಟು ವರ್ಷದಿಂದ ಸೇದ್ತಾ ಇದೀನಿ."

"ದಿನಕ್ಕೆ?"

"ಎರಡು."

ಡಾಕ್ಟರ್ ಕಾಗದದಿಂದ ಕಣ್ಣೆತ್ತಿದರು.

"ಹನ್ನೆರಡು ಸಾರ್."

"ಎಲ್ಲಿ?"

"ಅಡುಗೆಮನೇಲಿ. ಬೀದಿಯೋರು ನೋಡ್ಬಾರ್ದಲ್ಲ, ಕಿಟಕಿ ಬಾಗಿಲು ಹಾಕ್ಕಂಡು. ನಮ್ಮನೆಯೋಳು ಹಾಕೋ ಒಗ್ಗರಣೆ ಘಾಟಲ್ಲಿ ಬೀದಿಗೆ ವಾಸನೆ ಗೊತ್ತಾಗಲ್ಲ." ಹೇಳುವಾಗ ತಮ್ಮ ಜಾಣತನದ ಬಗ್ಗೆ ಒಂದಿಷ್ಟು ಹೆಮ್ಮೆಯೂ ಇಣುಕಿತು.

"ಇವತ್ತೇ ಬಿಡಬೇಕು."

"ಬಿಟ್ಟೆ!" ಮೇಷ್ಟ್ರು ಬನಿಯನ್ನಿನೊಳಗಿಂದ ಪ್ಯಾಕೆಟ್ಟು ತೆಗೆದು ಮೇಜಿನ ಮೇಲಿಟ್ಟರು. ಸಾಕ್ಸಿನೊಳಗಿಂದ ಇನ್ನೊಂದನ್ನೂ ತೆಗೆದಿಟ್ಟರು. ಕಣ್ಣು ತುಂಬಿತು. "ಜೀವ ಉಳಿಯುತ್ತಾ ಸಾರ್?"

"ಬೇಗ ಆಂಜಿಯೋಗ್ರಾಂ ಮಾಡಿಸಿ. ಹೊತ್ತಿಗೆ ಸರಿಯಾಗಿ ಬಂದಿದ್ದೀರಿ, ಉಳಿಸಬಹುದು."

ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆಳೆದು, ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ಒಂದೇ ಒಂದು ಉಪಕಾರ ಸಾರ್. ನನ್ನ ಹೆಂಡ್ತಿಗೆ ಮಾತ್ರ ಈ ಕಾಯಿಲೆ ವಿಷ್ಯ ಹೇಳ್ಬೇಡಿ. ಪಾಪ, ಅವಳ ಎದೆ ತಡ್ಕಳಲ್ಲ."

"ಅವರಿಗೆ ಹೇಳದೆ ಹೇಗೆ ಮೇಷ್ಟ್ರೇ?" ಎಂದರು ಡಾಕ್ಟರ್. "ನಿಮ್ಮ ಹೃದಯಕ್ಕೇನೂ ಆಗಿಲ್ಲ. ಈ ರಿಪೋರ್ಟು ಅವರದು."