ಪ್ರಮಾಣವಚನ

ಗೆಳತಿ ವಾರಿಜ ಪರದೇಶದ ಪ್ರಜೆಯಾಗುವುದನ್ನು ನೋಡಲು ಸುಮಂಗಲ ರೇಷ್ಮೆ ಸೀರೆಯುಟ್ಟು ಬಂದಿದ್ದಳು.

"ಮದುವೆ ಹೆಣ್ಣಿನ ಹಾಗೆ ಬೆವರ್ತಿದೀಯಲ್ಲೇ!" ಎಂದು ಅವಳನ್ನು ರೇಗಿಸಿ ವೇದಿಕೆಗೆ ಕಳಿಸಿದಳು.

ಪ್ರೇಕ್ಷಕರ ಸಾಲಿನಲ್ಲಿ ಕೂತ ಮೇಲೆ ವಾರಿಜ ಕೊಟ್ಟು ಹೋಗಿದ್ದ ಅವಳ ಫೋನು ಕೈಯಲ್ಲಿ ನಡುಗಿತು. ಊರಿನಿಂದ ಅವಳ ಅತ್ತಿಗೆ.

"ವಾರಿಜಾನ ಕರೀರಿ. ಅವಳ ಅಣ್ಣ ಉಳಿಯೋ ಹಾಗೆ ಕಾಣ್ತಿಲ್ಲ. ಈ ವಾರವೇ ಲಿವರ್ ಕಸಿ ಆಗ್ಬೇಕಂತೆ, ಹೊಂದೋದು ಅವಳದ್ದು ಮಾತ್ರ. ಇವತ್ತೇ ವಿಮಾನ ಹತ್ತೋಕೆ ಹೇಳ್ರೀ."

ಸುಮಂಗಲ ವೇದಿಕೆಯತ್ತ ನೋಡಿದಳು. ಪ್ರಮಾಣವಚನ ಮುಗಿದರೆ ಭಾರತದ ಪಾಸ್‌ಪೋರ್ಟ್ ನಡೆಯುವುದಿಲ್ಲ. ಹೊಸದು ಬಂದು, ವೀಸಾ ಸಿಗಲು ವಾರಗಳೇ ಬೇಕು.

ಅವಳು ಎದ್ದು ನಿಂತು ಕೈಬೀಸಿದಳು. ವಾರಿಜ ಅವಳನ್ನೇ ನೋಡುತ್ತ ಬಲಗೈ ಎತ್ತಿದಳು.

"ಬೇಡ ಕಣೇ, ನಿಲ್ಸೇ!" ಎಂದು ಕೂಗಿದ್ದು ಪ್ರಮಾಣ ಮಾಡುತ್ತಿದ್ದ ಎಲ್ಲರ ಒಕ್ಕೊರಲಿನಲ್ಲಿ ಮುಳುಗಿಹೋಯಿತು. ಕಾವಲುಗಾರ ತೋಳು ಹಿಡಿದು ಕೂರಿಸಿದ.

ಚಪ್ಪಾಳೆಯ ನಡುವೆ ಇಳಿದು ಬಂದ ವಾರಿಜಳ ಮುಂದೆ ಸುಮಂಗಲ ಫೋನು ಚಾಚಿದಳು. ಅತ್ತಿಗೆ ಇನ್ನೂ ಲೈನಿನಲ್ಲೇ ಇದ್ದರು.

ವಾರಿಜ ಅದನ್ನು ಮುಟ್ಟಲಿಲ್ಲ.

"ಅಣ್ಣನ ಡಾಕ್ಟರು ಬೆಳಿಗ್ಗೇನೇ ಫೋನ್ ಮಾಡಿ ಎಲ್ಲಾ ಹೇಳಿದ್ರು ಕಣೇ," ಎಂದು ಪಿಸುಗುಟ್ಟಿದಳು. "ಇನ್ನು ನಾನು ಬರೋ ಹಾಗಿಲ್ಲ ಅಂತ ನೀನೇ ಹೇಳ್ಬಿಡೆ."