ಬಾಗಿಲಲ್ಲೇ ನಿಂತವರು

ಟೀಚರ್ ಕೆಲಸ ಬಿಟ್ಟು, ಗುರುತು ಪರಿಚಯವಿಲ್ಲದ ಊರಿಗೆ ಬಂದು ಚಂಪಕಾ ಕಾಫಿ ಅಂಗಡಿ ತೆರೆದಿದ್ದಳು. ಸುತ್ತಲಿನ ಬೀದಿಗಳ ಮನೆಮನೆಗೂ ಹೋಗಿ ಕರಪತ್ರ ಹಂಚಿದಳು. ‘ಮೊದಲ ಕಾಫಿ ಉಚಿತ’ ಎಂದು ಬೋರ್ಡೂ ಹಾಕಿದಳು. ಎಲ್ಲರೂ ನಗುತ್ತಲೇ ಕರಪತ್ರ ತೆಗೆದುಕೊಳ್ಳುತ್ತಿದ್ದರು. ಅಂಗಡಿ ಎಲ್ಲಿದೆ ಎಂದು ಅವಳು ಹೇಳಿದ ಮೇಲೆ ಮಾತ್ರ ಅದನ್ನು ಮಡಚಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಒಬ್ಬರೂ ಬರಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾ, ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಓಡಾಡುತ್ತಾ ಅವಳ ವಾರ ಕಳೆಯಿತು.

ಅಂದು ಬೆಳಿಗ್ಗೆ ನಡುವಯಸ್ಸಿನವರೊಬ್ಬರು ಅವಸರದಲ್ಲಿ ಬಂದು ಬಾಗಿಲಲ್ಲೇ ನಿಂತರು. ಅವಳು ಒರೆಸುತ್ತಿದ್ದ ಬಟ್ಟೆ ಬಿಟ್ಟು ಮುಂದೆ ಬಂದಳು.

“ಬನ್ನಿ ಸರ್, ಕೂತ್ಕೊಳ್ಳಿ. ಈಗಷ್ಟೇ ಡಿಕಾಕ್ಷನ್ ಇಳಿದಿದೆ.”

“ಕಾಫಿ ಬೇಡಮ್ಮ.” ಅವರು ಒಳಗೆಲ್ಲ ಕಣ್ಣಾಡಿಸಿದರು.

“ದುಡ್ಡೇನೂ ಬೇಡ ಸರ್. ಒಂದು ಗುಟುಕು ರುಚಿ ನೋಡಿ. ಚೆನ್ನಾಗಿದ್ರೆ ನಾಲ್ಕು ಜನಕ್ಕೆ ಹೇಳಿ, ಅಷ್ಟೇ ಸಾಕು.”

ಅವಳು ಲೋಟ ಮುಂದೆ ಚಾಚಿದಳು. ಅವರು ಕೈಯನ್ನು ಹಿಂದಕ್ಕೆಳೆದುಕೊಂಡರು.

“ಈಗ ಕುಡಿಯೋ ಹಾಗಿಲ್ಲಮ್ಮ. ಬೆಳಗಿನ ಜಾವ ನಮ್ಮ ದೊಡ್ಡಪ್ಪ ತೀರ್ಕೊಂಡ್ರು. ಇಲ್ಲಿ ಚಟ್ಟದ ಸಾಮಾನು ಮಾರ್ತಿದ್ರಲ್ಲ, ಅವರು ಅಂಗಡೀನ ಎಲ್ಲಿಗೆ ಬದಲಾಯಿಸಿದ್ರು?”