ಹಸಿದ ಹುಲ್ಲು

ಮೇಲಿನ ಹೊಲ ದಾಟುತ್ತಿದ್ದ ಫಿಂಟನ್ ಇದ್ದಕ್ಕಿದ್ದಂತೆ ಕುಸಿದದ್ದನ್ನು ಗೊಬ್ನೆಟ್ ಅಡುಗೆಮನೆಯ ಬಾಗಿಲಿಂದಲೇ ಕಂಡಳು. ಗಂಡ ಎಡವಿರಬೇಕು ಅಂದುಕೊಂಡಳು. ಅವನು ಏಳಲಿಲ್ಲ.

"ಅತ್ತೇ, ಇವ್ನು ಬಿದ್ಬಿಟ್ಟ!"

ಸವೆದ ಕಲ್ಲಿಗೆ ಉಳಿ ಹೊಡೆಸಲು ಹೊಳೆಯ ಹಿಟ್ಟಿನ ಗಿರಣಿ ನಿಲ್ಲಿಸಿದ್ದರಿಂದ ಮೂರು ದಿನದಿಂದ ಮನೆಯಲ್ಲಿ ರೊಟ್ಟಿ ಇರಲಿಲ್ಲ, ಬರೀ ಆಲೂಗಡ್ಡೆ. ಅತ್ತೆ ಶುವಾನ್ ಹಳೆಯ ಬೀಸುಕಲ್ಲು ಹೊರತೆಗೆದು ಓಟ್ಸ್ ಬೀಸುತ್ತಿದ್ದಳು. ಅವಳ ಕೈ ನಿಂತಿತು.

"ಎಲ್ಲಿ ಬಿದ್ದ?"

"ಮುಳ್ಳಿನ ಮರದ ಹತ್ರ. ಹುಲ್ಲು ಎತ್ತರ ಬೆಳ್ದಿದ್ಯಲ್ಲ, ಅಲ್ಲಿ."

"ಅಯ್ಯೋ ದೇವ್ರೇ! ಜೇಬಲ್ಲಿ ರೊಟ್ಟಿ ಚೂರಿಲ್ದೆ ಅದನ್ನ ತುಳೀಬೇಡ ಅಂತ ಎಷ್ಟು ಬಡ್ಕೊಂಡೆ. ಆಲೂಗಡ್ಡೆ ಕೊಳೆತ ಬರಗಾಲದ ವರ್ಷ ಗಂಡ, ಹೆಂಡ್ತಿ, ಮೂರು ಹೆಣ್ಮಕ್ಳು, ಒಂದಿಡೀ ಸಂಸಾರ ಹಸಿವಿಂದ ಬಿದ್ದು ಸತ್ತ ಜಾಗ ಅದು. ಅವ್ರ ಹಸಿವು ಇನ್ನೂ ಹುಲ್ಲಲ್ಲೇ ಇದೆ. ನಿಂತು ನೋಡ್ತೀಯಲ್ಲೇ, ಹಿಟ್ಟಾದ್ರೂ ತಗೊಂಡು ಓಡು!"

ಗೊಬ್ನೆಟ್ ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಹಿಟ್ಟು ಬಾಚಿಕೊಂಡು ಓಡಿದಳು. ಮಧ್ಯಾಹ್ನದ ಬಿಸಿಲು ಚೆನ್ನಾಗಿಯೇ ಇತ್ತು. ಒಂದು ಗಂಟೆ ಹಿಂದೆ ಹೊಟ್ಟೆ ತುಂಬ ಉಂಡು ಹೋದವನ ಕೆನ್ನೆ ತಿಂಗಳ ಉಪವಾಸಿಯಂತೆ ಒಳಗೆ ಹೋಗಿತ್ತು. ತುಟಿ ಹಸಿರಾಗಿತ್ತು. ಬಾಯೊಳಗೆ ಬೆರಳಿಟ್ಟು ಅವಳು ಜಗಿದ ಹುಲ್ಲನ್ನು ಎಳೆದು ತೆಗೆದಳು, ಹಸಿ ಹಿಟ್ಟು ತುರುಕಿದಳು.

"ಇನ್ನೂ" ಅಂದ, ಕಣ್ಣು ತೆರೆಯದೆ.

ಅಷ್ಟರಲ್ಲಿ ಆ ಹುಲ್ಲಿನ ಹಸಿವು ಅವಳಿಗೂ ಹತ್ತಿತು. ಹಿಟ್ಟು ತುಂಬಿದ ಮುಷ್ಟಿ ತಾನಾಗಿಯೇ ತನ್ನ ಬಾಯಿಯತ್ತ ಏಳುತ್ತಿತ್ತು. ಹಲ್ಲು ಕಚ್ಚಿ, ಕೊನೆಯ ಚಿಟಿಕೆಯವರೆಗೂ ಅವನಿಗೇ ತಿನ್ನಿಸಿದಳು. ಆಮೇಲೆ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಎಳೆದುಕೊಂಡೇ ಮನೆಗೆ ತಂದಳು.

ಶುವಾನ್ ಅಷ್ಟು ಹೊತ್ತಿಗೆ ಉಳಿದ ಹಿಟ್ಟು ಕಲಸಿ, ಹೆಂಚಿನ ಮೇಲೆ ಒಂದು ದಪ್ಪ ರೊಟ್ಟಿ ಬೇಯಿಸಿದ್ದಳು. ಮಗನ ಮುಖ ಸವರಿ, "ತಿನ್ನು ಮಗಾ, ಗಂಡಾಂತರ ಕಳೀತು" ಅಂದಳು.

ಫಿಂಟನ್ ತಿನ್ನಲಿಲ್ಲ. ಬಿಸಿ ರೊಟ್ಟಿಯನ್ನು ನಿಧಾನವಾಗಿ ಮುರಿದು, ಮೇಜಿನ ಉದ್ದಕ್ಕೂ ಒಂದೊಂದೇ ಚೂರು ಇಡುತ್ತಾ ಹೋದ. ಎಂಟು ಚೂರು.

"ನಾವಿರೋದು ಮೂರೇ ಜನ ಕಣೋ" ಅಂದಳು ಶುವಾನ್.

ತಣ್ಣನೆ ಗಾಳಿ ಒಳನುಗ್ಗಿತೆಂದು ಗೊಬ್ನೆಟ್ ಕದ ಹಾಕಲು ಎದ್ದಳು.

"ಹಾಕ್ಬೇಡ" ಅಂದ ಫಿಂಟನ್. "ಚಿಕ್ಕೋಳು ಇನ್ನೂ ಒಳಗೆ ಬಂದಿಲ್ಲ."